ಬಜೆಟ್ ಹಾಳೆಯ ಕೆಳಗಿನ ಸಾಲುಗಳು

ವರ್ಷಕ್ಕೆ ನನಗೆ ಮೂರು ಹಬ್ಬ: ಜನವರಿ 7, ಮೇ 7, ಸೆಪ್ಟೆಂಬರ್ 7. ಹಬ್ಬ ಎಂದೆನೇ ಹೊರತು ಆ ದಿನಗಳಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಲೂ ಪುರುಸೊತ್ತು ಇರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ, ಅಂದರೆ ಎನ್‌ಐಎಚ್‌ಗೆ, ಎಚ್‌ಐವಿ ಸಂಶೋಧನೆಯ ಅನುದಾನ ಕೋರಿ ಅರ್ಜಿ ಸಲ್ಲಿಸಲು ನಾನು ಕೆಲಸಕ್ಕೆ ಸೇರಿದಾಗಿನಿಂದ ರೂಢಿಯಲ್ಲಿದ್ದ ಗಡುವುಗಳು ಅವು. ಸಂಜೆ ಐದು ಗಂಟೆಯೊಳಗೆ ಅರ್ಜಿ ಹೋಗಬೇಕು. ಐದು ಹೊಡೆದು ಒಂದು ನಿಮಿಷವಾದರೆ ಎರಡು ವರ್ಷ ತಲೆ ಕೆಡಿಸಿಕೊಂಡು ಬರೆದದ್ದು ‘ತಡವಾಗಿ ಬಂದ ಅರ್ಜಿ’ ಆಗುತ್ತದೆ.

ನಾನು ವಿಜ್ಞಾನಿಯಲ್ಲ, ಬಿ.ಕಾಂ. ಓದಿದವಳು. ಹದಿನೇಳು ವರ್ಷಗಳಿಂದ ಬಾಲ್ಟಿಮೋರ್ ನಗರದಲ್ಲಿ ಸಂಶೋಧನಾ ತಂಡವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಮಾದಕ ವಸ್ತುಗಳ ಚಟಕ್ಕೆ ಸಿಕ್ಕಿದ ಕಪ್ಪು ಮತ್ತು ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಸಮುದಾಯಗಳಲ್ಲಿ ಎಚ್‌ಐವಿ ಏಕೆ ಹೆಚ್ಚು, ಅದನ್ನು ಹೇಗೆ ತಗ್ಗಿಸಬಹುದು ಎಂಬುದು ನಮ್ಮ ತಂಡ ಕೇಳಿಕೊಳ್ಳುವ ಪ್ರಶ್ನೆ. ಪ್ರಶ್ನೆ ಅವರದು, ದುಡ್ಡಿನ ಲೆಕ್ಕ ನನ್ನದು. ದೊಡ್ಡ ಅರ್ಜಿಯೊಂದರಲ್ಲಿ ಸಂಶೋಧನೆಯ ವಿವರಕ್ಕೆ 12 ಪುಟ, ಗುರಿಗಳಿಗೆ 1 ಪುಟ. ಅಕ್ಷರ 11 ಪಾಯಿಂಟಿಗಿಂತ ಚಿಕ್ಕದಾಗಬಾರದು, ಅಂಚು ಅರ್ಧ ಇಂಚಿಗಿಂತ ಕಡಿಮೆ ಇರಬಾರದು. ಆ 12 ಪುಟಗಳಲ್ಲಿ ನಮ್ಮ ಡಾಕ್ಟರಮ್ಮ ಆಕಾಶಕ್ಕೆ ಏಣಿ ಹಾಕಬಹುದು. ಏಣಿಗೆ ಬಿದಿರು ಎಲ್ಲಿಂದ ತರುತ್ತೀರಿ, ಬಿದಿರಿಗೆ ಎಷ್ಟು, ಹೊರುವವರ ಕೂಲಿ ಎಷ್ಟು ಎಂದು ಕೇಳುವವಳು ನಾನು.

ಇಷ್ಟು ವರ್ಷ ಈ ಹಾಳೆಗಳನ್ನು ತುಂಬಿದ ಮೇಲೆ ನನಗೊಂದು ಅನುಮಾನ ಬಲವಾಗಿದೆ. ಅಸಮಾನತೆಯನ್ನು ಹುಡುಕಿಕೊಂಡು ತಂಡದವರು ಬೀದಿಗೆ ಹೋಗುತ್ತಾರೆ. ನನಗೆ ಅದು ಕುಳಿತಲ್ಲೇ ಕಾಣಿಸುತ್ತದೆ, ಬಜೆಟ್ ಹಾಳೆಯ ಕೆಳಗಿನ ಸಾಲುಗಳಲ್ಲಿ. ಅದನ್ನು ಬರೆದಿಡೋಣ ಎಂದು ಈ ಬಾರಿ ಕುಳಿತಿದ್ದೇನೆ.

ಮೊದಲು ಹಿನ್ನೆಲೆ. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ಶೇ 12ರ ಆಸುಪಾಸು. ಪ್ರತಿವರ್ಷ ಹೊಸದಾಗಿ ಪತ್ತೆಯಾಗುವ ಎಚ್‌ಐವಿ ಸೋಂಕಿತರಲ್ಲಿ ಹತ್ತಿರಹತ್ತಿರ ಹತ್ತಕ್ಕೆ ನಾಲ್ವರು ಅವರೇ. ಲ್ಯಾಟಿನೋ ಜನರ ಪಾಲೂ ಅವರ ಜನಸಂಖ್ಯೆಯ ಲೆಕ್ಕವನ್ನು ಮೀರಿದೆ. ‘ಹಾಗಿದ್ದರೆ ಅವರೇ ಹೆಚ್ಚು ಚಟ ಮಾಡುತ್ತಾರೆ’ ಎಂದು ನಮ್ಮವರೇ ಎಷ್ಟೋ ಮಂದಿ ಊಟದ ಮೇಜಿನಲ್ಲಿ ನನಗೆ ತಿಳಿಸಿಕೊಟ್ಟಿದ್ದಾರೆ. ಮಾದಕ ವಸ್ತು ಬಳಸುವವರ ಪ್ರಮಾಣ ಕಪ್ಪು ಜನರಲ್ಲೂ ಬಿಳಿಯರಲ್ಲೂ ಹೆಚ್ಚುಕಡಿಮೆ ಒಂದೇ ಎಂದು ರಾಷ್ಟ್ರೀಯ ಸಮೀಕ್ಷೆಗಳು ವರ್ಷ ವರ್ಷವೂ ಹೇಳುತ್ತಲೇ ಇವೆ. 2012ರಲ್ಲಿ ಗ್ರೆಗೊರಿಯೊ ಮಿಲೆಟ್ ಮತ್ತು ಜೊತೆಗಾರರು ಸಲಿಂಗಕಾಮಿ ಪುರುಷರ ಬಗ್ಗೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದಾಗಲೂ, ಕಪ್ಪು ಪುರುಷರ ನಡವಳಿಕೆ ಬಿಳಿಯರದಕ್ಕಿಂತ ಹೆಚ್ಚು ಅಪಾಯದ್ದೇನೂ ಆಗಿರಲಿಲ್ಲ. ವ್ಯತ್ಯಾಸವಿದ್ದದ್ದು ಆದಾಯದಲ್ಲಿ, ವಿಮೆಯಲ್ಲಿ, ಜೈಲಿನಲ್ಲಿ ಕಳೆದ ದಿನಗಳಲ್ಲಿ, ಔಷಧ ಕೈಗೆ ಸಿಗುವುದರಲ್ಲಿ.

ಹೊಸ ಸೋಂಕುಗಳಲ್ಲಿ ನೇರವಾಗಿ ಸೂಜಿಯಿಂದ ಬರುವುದು ಈಗ ಹತ್ತರಲ್ಲಿ ಒಂದರಷ್ಟು. ಆದರೆ ಚಟ ಎಚ್‌ಐವಿಯ ಮನೆಗೆ ಬರುವುದು ಸೂಜಿಯ ಬಾಗಿಲಿನಿಂದ ಮಾತ್ರವಲ್ಲ. ಕ್ರ್ಯಾಕ್ ಕೊಕೇನನ್ನು ಸೇದುವುದು, ಚುಚ್ಚಿಕೊಳ್ಳುವುದಲ್ಲ. ಆದರೂ ಒಂದು ಸಲದ ನಶೆಗಾಗಿ ಮೈ ಒಪ್ಪಿಸಬೇಕಾದ ಹೆಂಗಸರಲ್ಲಿ 1990ರ ಹೊತ್ತಿಗೆ ಸೋಂಕು ಹಬ್ಬಿತ್ತು. ಮೆಥಾಂಫೆಟಮೈನ್ ಎಂಬ ಮಾದಕ ವಸ್ತು ಬಳಸುವವರು ಎಚ್‌ಐವಿ ಗುಳಿಗೆಯ ಹೊತ್ತು ಮರೆಯುತ್ತಾರೆ. ಜೈಲಿಗೆ ಹೋಗಿಬಂದವರ ವಿಮೆ ತಪ್ಪುತ್ತದೆ, ವಿಮೆ ತಪ್ಪಿದರೆ ಗುಳಿಗೆ ತಪ್ಪುತ್ತದೆ, ಗುಳಿಗೆ ತಪ್ಪಿದರೆ ರಕ್ತದಲ್ಲಿ ವೈರಸ್ ಮತ್ತೆ ಏರುತ್ತದೆ. ಈ ಸರಪಳಿಯನ್ನು ಅಧ್ಯಯನ ಮಾಡಲು ಹಣ ಕೊಡುವುದು ಮುಖ್ಯವಾಗಿ ಎನ್‌ಐಎಚ್‌ನೊಳಗಿನ ನೈಡಾ, ಅಂದರೆ ಮಾದಕ ವ್ಯಸನದ ರಾಷ್ಟ್ರೀಯ ಸಂಸ್ಥೆ. 1974ರಲ್ಲಿ ಹುಟ್ಟಿದ್ದು.

ನಮ್ಮ ಬಾಲ್ಟಿಮೋರ್‌ಗೆ ಈ ವಿಷಯದಲ್ಲಿ ದೊಡ್ಡ ಚರಿತ್ರೆಯೇ ಇದೆ. ಬಿಳಿಯರ ಬೀದಿಯಲ್ಲಿ ಕಪ್ಪು ಜನ ಮನೆ ಮಾಡಬಾರದು ಎಂದು ದೇಶದಲ್ಲೇ ಮೊದಲಿಗೆ ನಗರದ ಕಾನೂನು ಬರೆದ ಊರಿದು, 1910ರಲ್ಲಿ. 1917ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕಾನೂನುಗಳನ್ನು ಹೊಡೆದುಹಾಕಿತು. ಬೀದಿಗಳು ಮಾತ್ರ ಆ ತೀರ್ಪನ್ನು ಓದಿದಂತೆ ಕಾಣುವುದಿಲ್ಲ. 1988ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ನೈಡಾ ಹಣದಲ್ಲಿ ‘ಅಲೈವ್’ ಎಂಬ ಅಧ್ಯಯನ ಶುರು ಮಾಡಿದರು. ಮಾದಕ ವಸ್ತು ಚುಚ್ಚಿಕೊಳ್ಳುವ ಸುಮಾರು 3,000 ಜನರನ್ನು ಸೇರಿಸಿಕೊಂಡರು; ಬಹುಪಾಲು ಕಪ್ಪು ಜನ. ಮೊದಲ ದಿನದ ಪರೀಕ್ಷೆಯಲ್ಲೇ ನಾಲ್ವರಲ್ಲಿ ಒಬ್ಬರಿಗೆ ಆಗಲೇ ಸೋಂಕಿತ್ತು. ದಶಕಗಳ ಕಾಲ ಆ ಜನರನ್ನು ಬಿಡದೆ ಹಿಂಬಾಲಿಸಿ, ಯಾರು ಬದುಕಿದರು, ಯಾರು ಏಕೆ ಸತ್ತರು ಎಂದು ಲೆಕ್ಕವಿಟ್ಟರು. ಲೆಕ್ಕದವಳಾಗಿ ನನಗೆ ಆ ಹಟ ಬಹಳ ಮೆಚ್ಚುಗೆ.

ಅದೇ 1988ರಲ್ಲಿ ವಾಷಿಂಗ್ಟನ್‌ನಲ್ಲಿ ಇನ್ನೊಂದು ಕೆಲಸ ನಡೆಯಿತು. ಶುದ್ಧ ಸಿರಿಂಜ್ ಹಂಚಲು ಕೇಂದ್ರ ಸರ್ಕಾರದ ಹಣ ಬಳಸಬಾರದು ಎಂದು ಸಂಸತ್ತು ನಿಷೇಧ ಹಾಕಿತು. ಸೂಜಿಯಿಂದ ರೋಗ ಹೇಗೆ ಹಬ್ಬುತ್ತದೆ ಎಂದು ತಿಳಿಯಲು ಲಕ್ಷಗಟ್ಟಲೆ ಡಾಲರ್ ಉಂಟು. ಹಬ್ಬದಂತೆ ತಡೆಯುವ ಕೆಲವು ಸೆಂಟಿನ ಸೂಜಿಗೆ ಇಲ್ಲ. ಬಾಲ್ಟಿಮೋರ್ 1994ರಲ್ಲಿ ತನ್ನದೇ ಹಣದಲ್ಲಿ, ಕರ್ಟ್ ಶ್ಮೋಕ್ ಮೇಯರ್ ಆಗಿದ್ದಾಗ, ವ್ಯಾನುಗಳಲ್ಲಿ ಸಿರಿಂಜ್ ಬದಲಾಯಿಸಿಕೊಡಲು ಹೊರಟಿತು. ಆಗ ನಗರದ ಹೊಸ ಎಚ್‌ಐವಿ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೂಜಿಯಿಂದ ಬಂದಂಥವು. ಇಪ್ಪತ್ತು ವರ್ಷದಲ್ಲಿ ಆ ಪಾಲು ಹತ್ತನೇ ಒಂದಕ್ಕಿಂತ ಕೆಳಗಿಳಿಯಿತು. ಹತ್ತು ವರ್ಷಗಳ ಅವಧಿಯಲ್ಲಿ ಈ ಒಂದು ನೀತಿ ಬಾಲ್ಟಿಮೋರ್‌ನಲ್ಲಿ 1,891 ಸೋಂಕುಗಳನ್ನು ತಪ್ಪಿಸಿತು ಎಂದು 2019ರ ಒಂದು ಅಧ್ಯಯನ ಅಂದಾಜು ಮಾಡಿತು.

ಕೇಂದ್ರದ ನಿಷೇಧ 2009ರ ಕೊನೆಗೆ ಹೋಯಿತು, 2011ರ ಕೊನೆಗೆ ಮರಳಿತು, 2015ರ ಕೊನೆಗೆ ಅರೆಬರೆ ಸಡಿಲವಾಯಿತು. ಈ ಅರೆಬರೆ ಸಡಿಲಿಕೆಯ ಸೊಗಸನ್ನು ಲೆಕ್ಕದವರೇ ಬಲ್ಲರು. ಕೇಂದ್ರದ ಹಣದಲ್ಲಿ ವ್ಯಾನ್ ಕೊಳ್ಳಬಹುದು, ಪೆಟ್ರೋಲ್ ಹಾಕಿಸಬಹುದು, ಚಾಲಕನಿಗೂ ಸಲಹೆಗಾರ್ತಿಗೂ ಸಂಬಳ ಕೊಡಬಹುದು. ಸಿರಿಂಜ್ ಮಾತ್ರ ಕೊಳ್ಳುವಂತಿಲ್ಲ. ಹಾಗಾಗಿ ವ್ಯಾನಿಗೆ ಒಂದು ಖಾತೆ, ವ್ಯಾನಿನೊಳಗಿನ ಡಬ್ಬಕ್ಕೆ ಇನ್ನೊಂದು ಖಾತೆ. ಡಬ್ಬ ಇಡುವ ಗೂಡು ಯಾವ ಖಾತೆಯದು ಎಂದು ಸ್ನೇಹಿತೆಯೊಬ್ಬಳು ಒಂದು ಇಡೀ ಮಧ್ಯಾಹ್ನ ತಲೆ ಚಚ್ಚಿಕೊಂಡದ್ದನ್ನು ಕಂಡಿದ್ದೇನೆ.

2015ರ ಸಡಿಲಿಕೆಗೆ ಏನು ಕಾರಣ ಎಂದು ಕೇಳಿದರೆ ಉತ್ತರ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯಲ್ಲಿದೆ. ಆಸ್ಟಿನ್ ಎಂಬ ನಾಲ್ಕು ಸಾವಿರ ಚಿಲ್ಲರೆ ಜನರ ಊರು. ಬಹುತೇಕ ಎಲ್ಲರೂ ಬಿಳಿಯರು. ನೋವಿನ ಗುಳಿಗೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದ ಜನರಲ್ಲಿ 2014ರ ಕೊನೆಯಿಂದ ಒಂದೊಂದಾಗಿ ಸೋಂಕು ಪತ್ತೆಯಾಗಿ ಕೊನೆಗೆ 200 ದಾಟಿತು. ಕೌಂಟಿಯಲ್ಲಿ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದ ಒಂದೇ ಒಂದು ಚಿಕಿತ್ಸಾಲಯ 2013ರಲ್ಲೇ ಮುಚ್ಚಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ, ಆಗಿನ ರಾಜ್ಯಪಾಲ ಮೈಕ್ ಪೆನ್ಸ್ ತುರ್ತು ಪರಿಸ್ಥಿತಿ ಘೋಷಿಸಿ ಸಿರಿಂಜ್ ವಿನಿಮಯಕ್ಕೆ ಒಪ್ಪಿಗೆ ಕೊಟ್ಟರು. ಕೊಟ್ಟದ್ದು ಒಳ್ಳೆಯದೇ, ಆ ಜನರ ಕಷ್ಟವೂ ಕಷ್ಟವೇ. ಆದರೆ 1980ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಚುಚ್ಚಿಕೊಳ್ಳುವವರಲ್ಲಿ ಅರ್ಧದಷ್ಟು ಜನಕ್ಕೆ ಸೋಂಕು ತಗುಲಿದಾಗ, ಅವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಪೋರ್ಟೊ ರಿಕೊ ಮೂಲದವರಾಗಿದ್ದಾಗ, ಕೋಟೆಯ ಬಾಗಿಲು ಹಾಕಲು ಯಾರೂ ಓಡಿಬರಲಿಲ್ಲ. ನಮ್ಮ ಕಚೇರಿಯಲ್ಲಿ ಸ್ಕಾಟ್ ಕೌಂಟಿಯ ಸುದ್ದಿ ಟಿವಿಯಲ್ಲಿ ಬಂದ ದಿನ ಅಕ್ಕ ಒಂದೇ ಮಾತು ಹೇಳಿದರು: ‘ನೋಡು, ಈಗ ಇದು ಕಾಯಿಲೆಯಾಯಿತು.’

ಅಕ್ಕ ಎಂದರೆ ಯಾರು ಎಂದು ಹೇಳಬೇಕು. ನಮ್ಮ ಅಧ್ಯಯನಗಳಲ್ಲಿ ಸಹಾಯಕಿಯಾಗಿ ಕೆಲಸ ಮಾಡಿದವರು, ಕಪ್ಪು ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು. ಕಚೇರಿಯಲ್ಲಿ ಎಲ್ಲರೂ ಅವರ ಹೆಸರಿನ ಹಿಂದೆ ‘ಮಿಸ್’ ಸೇರಿಸಿ ಕರೆಯುತ್ತಿದ್ದರು. ಹೆಸರು ಬರೆಯಲಾಗದ್ದರಿಂದ ಇಲ್ಲಿ ಅಕ್ಕ ಎನ್ನುತ್ತೇನೆ. ಆ ‘ಮಿಸ್’ನಲ್ಲಿ ಇದ್ದದ್ದೂ ಅದೇ ಭಾವ. ಅವರಿಗೂ ಎಚ್‌ಐವಿ ಇದೆ, ಒಂದು ಕಾಲದಲ್ಲಿ ಹೆರಾಯಿನ್ ಚಟವೂ ಇತ್ತು. ಅರ್ಜಿಗಳಲ್ಲಿ ಇಂಥವರಿಗೆ ‘ಪಿಯರ್ ನ್ಯಾವಿಗೇಟರ್’ ಎಂದು ಹೆಸರು: ಅದೇ ದಾರಿಯಲ್ಲಿ ನಡೆದು ಬಂದು ಇನ್ನೊಬ್ಬರಿಗೆ ದಾರಿ ತೋರಿಸುವವರು. ಆಸ್ಪತ್ರೆಯ ನೇಮಕಕ್ಕೆ ಬಾರದವರ ಮನೆ ಬಾಗಿಲಿಗೆ ಹೋಗುವುದು, ಅಮೃತಶಿಲೆಯ ಮೆಟ್ಟಿಲ ಮೇಲೆ ಅವರ ಜೊತೆ ಅರ್ಧ ಗಂಟೆ ಸುಮ್ಮನೆ ಕುಳಿತಿರುವುದು, ಆಮೇಲೆ ‘ಬಸ್ಸು ಬಂತು, ಏಳು’ ಎನ್ನುವುದು ಅವರ ಕೆಲಸ. ಈ ಸುಮ್ಮನೆ ಕುಳಿತಿರುವ ಅರ್ಧ ಗಂಟೆಯನ್ನು ಬಜೆಟ್ಟಿನ ಸಮರ್ಥನೆಯಲ್ಲಿ ಏನೆಂದು ಬರೆಯುವುದು? ನಾನು ‘ಸಂಪರ್ಕ ಚಟುವಟಿಕೆ’ ಎಂದು ಬರೆಯುತ್ತಿದ್ದೆ.

ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ಒಂದು ಸಾಹಸವಾಗಿತ್ತು. ಚಟದ ಅನುಭವ ಇರುವವರು ಬೇಕು ಎಂದು 12 ಪುಟಗಳಲ್ಲಿ ಮೂರು ಕಡೆ ಬರೆದಿದ್ದೆವು. ಪರಿಶೀಲನೆ ಮಾಡಿದವರು ಅದನ್ನು ಅರ್ಜಿಯ ಬಲ ಎಂದು ಮೆಚ್ಚಿಕೊಂಡಿದ್ದರು. ಹಣ ಬಂತು. ನೇಮಕಾತಿ ವಿಭಾಗ ಅಕ್ಕನ ಹಳೆಯ ಪೊಲೀಸ್ ದಾಖಲೆ ತೆಗೆದು ‘ಅನರ್ಹ’ ಎಂದು ಕಳುಹಿಸಿತು. 1980ರ ದಶಕದಿಂದ ಈ ದೇಶ ಸಣ್ಣ ಚೂರು ಕ್ರ್ಯಾಕಿಗೆ ಜೈಲು ಕೊಟ್ಟ ರೀತಿ ನೋಡಿದರೆ — ಕಾನೂನಿನಲ್ಲಿ ಒಂದು ಗ್ರಾಂ ಕ್ರ್ಯಾಕ್ ನೂರು ಗ್ರಾಂ ಪುಡಿ ಕೊಕೇನಿಗೆ ಸಮವಾಗಿತ್ತು, 2010ರಲ್ಲಿ ಆ ನೂರು ಹದಿನೆಂಟಕ್ಕೆ ಇಳಿಯಿತು — ಬಾಲ್ಟಿಮೋರ್‌ನಲ್ಲಿ ಚಟದ ಅನುಭವವಿದ್ದು ಪೊಲೀಸ್ ದಾಖಲೆ ಇಲ್ಲದ ಅರವತ್ತರ ಕಪ್ಪು ಹೆಂಗಸನ್ನು ಎಲ್ಲಿಂದ ತರುವುದು? ಡಾಕ್ಟರಮ್ಮ ನಾಲ್ಕು ಪತ್ರ ಬರೆದರು. ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಖರ್ಚಾಗದೆ ಉಳಿದ ಸಂಬಳದ ಹಣಕ್ಕೆ, ‘ಯೋಜನೆ ಏಕೆ ಹಿಂದೆ ಬಿದ್ದಿದೆ’ ಎಂದು ವರ್ಷದ ಕೊನೆಗೆ ವಿವರಣೆ ಕೊಟ್ಟವಳು ನಾನು.

ಬೆಳಿಗ್ಗೆ ಎಂಟಕ್ಕಿಂತ ಮೊದಲು ಅಕ್ಕ ಕೆಲಸಕ್ಕೆ ಬರುವಂತಿರಲಿಲ್ಲ, ಮೆಥಡೋನ್ ಸಾಲಿನಲ್ಲಿ ನಿಲ್ಲಬೇಕಿತ್ತು. ಹೆರಾಯಿನ್ ಬಿಟ್ಟವರಿಗೆ ಇರುವ ಎರಡು ಮುಖ್ಯ ಔಷಧಗಳಲ್ಲಿ ಮೆಥಡೋನ್‌ಗೆ ಲೈಸೆನ್ಸ್ ಪಡೆದ ಕೇಂದ್ರಕ್ಕೆ, ಎಷ್ಟೋ ಜನ ದಿನವೂ, ಹೋಗಿ ಕಿಟಕಿಯ ಮುಂದೆ ಕುಡಿಯಬೇಕು. 2002ರಲ್ಲಿ ಒಪ್ಪಿಗೆ ಪಡೆದ ಬ್ಯುಪ್ರೆನಾರ್ಫಿನ್ ಅನ್ನು ವೈದ್ಯರು ಚೀಟಿ ಬರೆದು ಮನೆಗೆ ಕಳುಹಿಸಬಹುದು. ಚೀಟಿ ಹೆಚ್ಚಾಗಿ ಸಿಕ್ಕಿದ್ದು ವಿಮೆ ಇರುವ ಬಿಳಿಯರಿಗೆ, ಸಾಲು ಸಿಕ್ಕಿದ್ದು ಅಕ್ಕನಂಥವರಿಗೆ. ಕೋವಿಡ್ ಬಂದಾಗ ಮನೆಗೆ ಕೊಂಡೊಯ್ಯುವ ಡೋಸುಗಳನ್ನು ಹೆಚ್ಚಿಸಿದರು, 2024ರಲ್ಲಿ ಅದನ್ನು ನಿಯಮವನ್ನಾಗಿಯೂ ಮಾಡಿದರು. ‘ಇಪ್ಪತ್ತೆರಡು ವರ್ಷ ನಿಂತ ಮೇಲೆ ನನ್ನನ್ನು ನಂಬಿದರು’ ಎಂದು ಅಕ್ಕ ನಕ್ಕಿದ್ದರು.

ಇನ್ನು ಕಾರ್ಡಿನ ಕಥೆ. ಅಧ್ಯಯನಕ್ಕೆ ಬಂದು ರಕ್ತ ಕೊಟ್ಟು, ಒಂದೂವರೆ ಗಂಟೆ ಪ್ರಶ್ನೆಗಳಿಗೆ ಉತ್ತರಿಸಿದವರಿಗೆ ನಾವು 40 ಡಾಲರ್ ಕೊಡುತ್ತಿದ್ದೆವು. ನಗದು ಕೊಟ್ಟರೆ ನೇರ ಮಾದಕ ವಸ್ತು ಕೊಳ್ಳುತ್ತಾರೆ, ಆದ್ದರಿಂದ ಅಂಗಡಿಯ ಗಿಫ್ಟ್ ಕಾರ್ಡ್ ಕೊಡಿ ಎಂಬುದು ಮೇಲಿನವರ ಅಪ್ಪಣೆ. ಇದನ್ನೂ ಯಾರೋ ಪರೀಕ್ಷೆ ಮಾಡಿ ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವ್ಯಸನದ ಚಿಕಿತ್ಸೆಯಲ್ಲಿದ್ದವರಿಗೆ ಚೀಟಿ ಎತ್ತಿದಂತೆ ಕೆಲವರಿಗೆ 10, ಕೆಲವರಿಗೆ 40, ಕೆಲವರಿಗೆ 70 ಡಾಲರ್, ನಗದಾಗಿ ಅಥವಾ ಗಿಫ್ಟ್ ಕೂಪನ್ ಆಗಿ ಕೊಟ್ಟರು. ಯಾವ ಗುಂಪಿನಲ್ಲೂ ಹೊಸದಾಗಿ ಮಾದಕ ವಸ್ತು ಬಳಕೆ ಹೆಚ್ಚಲಿಲ್ಲ. ಹೆಚ್ಚಿದ್ದು ಮುಂದಿನ ಭೇಟಿಗೆ ಮರಳಿ ಬಂದವರ ಸಂಖ್ಯೆ. ಈ ಅಧ್ಯಯನದ ವರದಿಯನ್ನು ಅಚ್ಚು ಹಾಕಿ ಮೂರು ಸಲ ಮೇಲಕ್ಕೆ ಕಳುಹಿಸಿದ್ದೇನೆ. ಕಾರ್ಡ್ ಕಾರ್ಡಾಗಿಯೇ ಉಳಿಯಿತು. ಬೀದಿಯಲ್ಲಿ 40 ಡಾಲರಿನ ಕಾರ್ಡನ್ನು 25ಕ್ಕೆ ಮಾರುತ್ತಾರೆ ಎಂದು ಅಕ್ಕ ಹೇಳಿದರು. ಅಂದರೆ ನಮ್ಮ ಅನುಮಾನದ ಬೆಲೆ ತಲೆಗೆ 15 ಡಾಲರ್, ಕಟ್ಟಿದವರು ಅವರು.

ಲೆಕ್ಕ ಪರಿಶೋಧಕರು ಬಂದಾಗ ಕಾರ್ಡಿಗೆ ಎರಡನೆಯ ಸುತ್ತು. ಭಾಗವಹಿಸಿದವರ ಗುಟ್ಟು ಕಾಪಾಡಲು ನಮ್ಮ ಪಟ್ಟಿಯಲ್ಲಿ ಬರೀ ಸಂಖ್ಯೆ ಮತ್ತು ಮೊದಲಕ್ಷರಗಳಿದ್ದವು. ಪರಿಶೋಧಕರಿಗೆ ಪೂರ್ತಿ ಹೆಸರು, ಸಹಿ ಬೇಕಂತೆ. 2025ರವರೆಗಿನ ನಿಯಮದಂತೆ, ಒಬ್ಬರಿಗೆ ವರ್ಷದಲ್ಲಿ 600 ಡಾಲರ್ ದಾಟಿದರೆ ತೆರಿಗೆ ಇಲಾಖೆಗೆ ತಿಳಿಸಲು ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯೂ, ಅಂದರೆ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆಯೂ, ಬೇಕಿತ್ತು. ಎಚ್‌ಐವಿ ಇದ್ದು, ಕಾನೂನುಬಾಹಿರ ವಸ್ತು ಬಳಸುವುದಾಗಿ ನಮ್ಮ ಮುಂದೆ ಒಪ್ಪಿಕೊಂಡವರ ಹೆಸರನ್ನು ನನ್ನ ಎಕ್ಸೆಲ್ ಹಾಳೆಯಲ್ಲಿ ಬರೆಯುವುದೇ? ಇಂಥ ಸಂಶೋಧನೆಯ ದಾಖಲೆಗಳನ್ನು ನ್ಯಾಯಾಲಯ ಕೇಳಿದರೂ ಕೊಡಬೇಕಿಲ್ಲ ಎನ್ನುವ ಗೌಪ್ಯತಾ ಪ್ರಮಾಣಪತ್ರ ಎನ್‌ಐಎಚ್ ಅನುದಾನದ ಜೊತೆಗೇ ಬರುತ್ತದೆ. ಅದರ ಪ್ರತಿಯನ್ನು ಮೇಜಿನ ಮೇಲಿಟ್ಟು ಕುಳಿತೆ. 1932ರಿಂದ 1972ರವರೆಗೆ ಟಸ್ಕೀಗಿ ಎಂಬ ಊರಿನಲ್ಲಿ ನೂರಾರು ಕಪ್ಪು ಗಂಡಸರ ಸಿಫಿಲಿಸ್‌ಗೆ ಚಿಕಿತ್ಸೆ ಕೊಡದೆ ನೋಡುತ್ತ ಕುಳಿತದ್ದು ಇದೇ ಸರ್ಕಾರದ ಆರೋಗ್ಯ ಸೇವೆ. ಅಂಥ ದೇಶದಲ್ಲಿ ಒಂದು ಸಹಿ ಎಂದರೆ ಒಂದು ಸಹಿ ಮಾತ್ರವಲ್ಲ. ಪರಿಶೋಧಕರು ಸಭ್ಯರೇ, ಎರಡು ವಾರ ವಾದ ಮಾಡಿ ಕೊನೆಗೆ ಸಂಖ್ಯೆಗೆ ಒಪ್ಪಿದರು, ವರ್ಷದಲ್ಲಿ ಯಾರಿಗೂ 600 ದಾಟಬಾರದು ಎಂಬ ಷರತ್ತಿನ ಮೇಲೆ. ಹಾಗಾಗಿ ನಮ್ಮ ಅಧ್ಯಯನದಲ್ಲಿ ಒಬ್ಬ ಮನುಷ್ಯನನ್ನು ವರ್ಷಕ್ಕೆ ಎಷ್ಟು ಸಲ ಭೇಟಿ ಮಾಡಬೇಕು ಎಂಬುದನ್ನು ವಿಜ್ಞಾನ ನಿರ್ಧರಿಸಲಿಲ್ಲ. 600ನ್ನು 40ರಿಂದ ಭಾಗಿಸಿ ನಾನು ನಿರ್ಧರಿಸಿದೆ.

ಆದರೆ ನನ್ನನ್ನು ನಿಜವಾಗಿ ಕೆರಳಿಸುವ ಸಾಲು ಇನ್ನೂ ಕೆಳಗಿದೆ. ಪರೋಕ್ಷ ವೆಚ್ಚ ಎನ್ನುತ್ತಾರೆ: ಕಟ್ಟಡ, ವಿದ್ಯುತ್, ಗ್ರಂಥಾಲಯ, ನನ್ನಂಥವರ ಕುರ್ಚಿ. ಸಂಶೋಧನೆಗೆ 100 ಡಾಲರ್ ಕೊಟ್ಟರೆ ಅದರ ಮೇಲೆ 50ಕ್ಕಿಂತ ಹೆಚ್ಚು ಪರೋಕ್ಷ ವೆಚ್ಚ ಪಡೆಯುವ ವಿಶ್ವವಿದ್ಯಾಲಯಗಳು ಬೇಕಾದಷ್ಟಿವೆ. ಸರ್ಕಾರದ ಜೊತೆ ಕುಳಿತು ಮಾತಾಡಿ ಗೊತ್ತುಮಾಡಿಕೊಂಡ ದರ ಅದು. ಸಮುದಾಯದ ನಡುವೆ ನಿಜವಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆ, ಚರ್ಚಿನ ನೆಲಮಾಳಿಗೆಯಲ್ಲಿ ಎರಡು ಮೇಜು ಹಾಕಿಕೊಂಡದ್ದು, ನಮ್ಮ ಅನುದಾನದಲ್ಲಿ ಪಾಲುದಾರ ಆಗಿತ್ತು. ಅಂಥವರಿಗೆ ದರ ಮಾತಾಡಲು ಲೆಕ್ಕ ತಜ್ಞರಿಲ್ಲ. ದರ ಇಲ್ಲದವರಿಗೆ ನಿಯಮ ಕೊಟ್ಟದ್ದು ಶೇ 10. ಅವರಿಗೂ ಮಾಳಿಗೆ ಸೋರುತ್ತದೆ, ಅವರಿಗೂ ಕರೆಂಟ್ ಬಿಲ್ ಬರುತ್ತದೆ. ಸಾಲದ್ದಕ್ಕೆ, ಅವರಿಗೆ ದಾಟಿಸುವ ಹಣದ ಮೊದಲ 25,000 ಡಾಲರಿನ ಮೇಲೆ, ದಾಟಿಸುವ ಶ್ರಮಕ್ಕೆಂದು, ವಿಶ್ವವಿದ್ಯಾಲಯ ತನ್ನ ದರದಲ್ಲಿ ತನ್ನ ಪಾಲನ್ನೂ ಲೆಕ್ಕ ಹಾಕಿಕೊಳ್ಳುತ್ತದೆ. 2024ರ ಅಕ್ಟೋಬರಿನಿಂದ ಶೇ 10 ಶೇ 15 ಆಯಿತು. ಅದರ ಜೊತೆಗೇ ಆ 25,000 ಕೂಡ 50,000 ಆಯಿತು. ಒಂದು ಕೈಯಲ್ಲಿ ಕೊಟ್ಟದ್ದು ಎಷ್ಟು, ಇನ್ನೊಂದು ಕೈಯಲ್ಲಿ ಎತ್ತಿಕೊಂಡದ್ದು ಎಷ್ಟು ಎಂದು ಕೂಡಿಸಿ ಕಳೆದು ನೋಡುವ ಉತ್ಸಾಹ ನನಗೆ ಆ ದಿನ ಉಳಿದಿರಲಿಲ್ಲ.

ಹಣ ಕೊಡುವ ರೀತಿಯೂ ಹಾಗೆಯೇ: ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ ಕಳುಹಿಸಿ. ವಿಶ್ವವಿದ್ಯಾಲಯಕ್ಕೆ ಮೂರು ತಿಂಗಳು ಮೂರು ಗಳಿಗೆಯಂತೆ. ನೆಲಮಾಳಿಗೆಯವರಿಗೆ ಮೂರು ತಿಂಗಳೆಂದರೆ ಇಬ್ಬರ ಸಂಬಳ. ಒಂದು ಸಲ ಅವರ ಬಿಲ್ಲಿನಲ್ಲಿ ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿತ್ತು. ಯಾರದೋ ಮೇಜಿನ ಮೇಲೆ ಅದು ಎಪ್ಪತ್ತು ದಿನ ಮಲಗಿತ್ತು. ಆ ಮೇಜು ನನ್ನದೇ ಆಗಿತ್ತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅದು ಸೆಪ್ಟೆಂಬರ್ 7ರ ಹಬ್ಬದ ಕಾಲ. ಆ ಸಂಸ್ಥೆಯ ಮುಖ್ಯಸ್ಥರು ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಪರೀಕ್ಷಾ ಕಿಟ್ಟುಗಳನ್ನು ಕೊಂಡಿದ್ದರಂತೆ. ನನಗೆ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

2025ರ ಫೆಬ್ರುವರಿಯಲ್ಲಿ ಎನ್‌ಐಎಚ್ ಎಲ್ಲರ ಪರೋಕ್ಷ ವೆಚ್ಚವನ್ನೂ ಶೇ 15ಕ್ಕೆ ಇಳಿಸುವುದಾಗಿ ಹೇಳಿದಾಗ ವಿಶ್ವವಿದ್ಯಾಲಯಗಳು ಒಕ್ಕೊರಲಿನಿಂದ, ಇಷ್ಟರಲ್ಲಿ ಸಂಶೋಧನೆ ಬದುಕುವುದಿಲ್ಲ ಎಂದವು. ನಿಜ, ಬದುಕುವುದಿಲ್ಲ, ನ್ಯಾಯಾಲಯ ತಡೆದದ್ದು ಒಳ್ಳೆಯದೇ ಆಯಿತು. ನನ್ನ ಕುರ್ಚಿಯೂ ಅದರಲ್ಲೇ ಇದೆ. ಆದರೆ ಆ ವಾರ ನೆಲಮಾಳಿಗೆಯ ಮುಖ್ಯಸ್ಥರು ಫೋನ್ ಮಾಡಿ ‘ನಮ್ಮ ದರಕ್ಕೆ ಸ್ವಾಗತ’ ಎಂದು ನಕ್ಕಾಗ ನನಗೆ ಉತ್ತರ ಹೊಳೆಯಲಿಲ್ಲ.

ಅದೇ ವರ್ಷ ನೂರಾರು ಅನುದಾನಗಳನ್ನು ನಡುವೆಯೇ ರದ್ದು ಮಾಡಿದರು. ಎಚ್‌ಐವಿ, ಅಲ್ಪಸಂಖ್ಯಾತರು, ಅಸಮಾನತೆ ಎಂಬ ಪದಗಳಿದ್ದವು ಅವುಗಳಲ್ಲಿ ಬಹಳ. ಜೂನ್‌ನಲ್ಲಿ ಕೆಳ ನ್ಯಾಯಾಲಯ ರದ್ದತಿ ಕಾನೂನುಬಾಹಿರ ಎಂದಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಂತೆ, ಸದ್ಯಕ್ಕೆ ರದ್ದತಿಗೆ ದಾರಿ ಬಿಟ್ಟಿತು. ಅರ್ಜಿಯಲ್ಲಿ ಯಾವ ಪದ ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಊರೂರುಗಳಲ್ಲಿ ಸಭೆಗಳಾದವು. ಹಿಂದೆಯೂ ಪದಗಳಿಗೆ ಬೆಲೆ ಇತ್ತು, ಅದು ಬೇರೆ ತರಹದ್ದು. ಕಪ್ಪು ಸಂಶೋಧಕರ ಅರ್ಜಿಗೆ ಎನ್‌ಐಎಚ್ ಹಣ ಸಿಗುವ ಸಾಧ್ಯತೆ ಬಿಳಿಯರದಕ್ಕಿಂತ 10 ಅಂಶ ಕಡಿಮೆ ಎಂದು ಡೊನ್ನಾ ಗಿಂಥರ್ ಮತ್ತು ಸಂಗಡಿಗರು 2011ರಲ್ಲೇ ತೋರಿಸಿದ್ದರು. 2019ರ ಇನ್ನೊಂದು ಅಧ್ಯಯನ ಹೇಳಿದ್ದು ಹೀಗೆ: ಆ ಅಂತರದ ಒಂದು ಪಾಲು ಅವರು ಆರಿಸಿಕೊಳ್ಳುವ ವಿಷಯದಿಂದ ಬರುತ್ತದೆ. ಜೀವಕೋಶದ ಒಳಗಿನ ಕೆಲಸಕ್ಕೆ ಹಣ ಸಿಗುವಷ್ಟು ಸುಲಭವಾಗಿ, ಸಮುದಾಯದ ಜೊತೆಗಿನ ಕೆಲಸಕ್ಕೆ ಸಿಗುವುದಿಲ್ಲ. ಅಂದರೆ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತ ಅರ್ಧ ಗಂಟೆಗೆ.

ಆ ಅರ್ಧ ಗಂಟೆ ಕೆಲಸ ಮಾಡುತ್ತದೆಯೇ ಎಂದು ನೀವು ಕೇಳಬಹುದು. ತೆರಿಗೆ ಕಟ್ಟುವವರು ಕೇಳಲೇಬೇಕು. ನೈಡಾ ಹಣದಲ್ಲಿ ‘ಹೋಪ್’ ಎಂಬ ದೊಡ್ಡ ಪ್ರಯೋಗ ನಡೆದು 2016ರಲ್ಲಿ ಫಲಿತಾಂಶ ಬಂತು. 11 ಆಸ್ಪತ್ರೆಗಳಲ್ಲಿ ದಾಖಲಾಗಿದ್ದ, ಎಚ್‌ಐವಿ ಮತ್ತು ಚಟ ಎರಡೂ ಇದ್ದ 801 ಮಂದಿ, ಬಹುಪಾಲು ಕಪ್ಪು ಜನ. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಒಂದಕ್ಕೆ ಆರು ತಿಂಗಳು ದಾರಿ ತೋರಿಸುವವರ ನೆರವು. ಇನ್ನೊಂದಕ್ಕೆ ಆ ನೆರವಿನ ಜೊತೆಗೆ ಹಣದ ಪ್ರೋತ್ಸಾಹ. ಆರು ತಿಂಗಳಾದಾಗ ನೆರವೂ ಹಣವೂ ಸಿಕ್ಕ ಗುಂಪಿನಲ್ಲಿ ವೈರಸ್ ಹತೋಟಿಗೆ ಬಂದವರು ಹೆಚ್ಚು. ಹನ್ನೆರಡು ತಿಂಗಳಾದಾಗ ಮೂರೂ ಗುಂಪುಗಳು ಒಂದೇ ಮಟ್ಟಕ್ಕೆ ಬಂದು ನಿಂತಿದ್ದವು. ಪ್ರಯೋಗ ಫಲ ಕೊಡಲಿಲ್ಲ ಎಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅಂಕಿಅಂಶದ ರೀತಿಯಲ್ಲಿ ಅದು ಸರಿ. ನಾನು ಅದನ್ನು ಲೆಕ್ಕದವಳಂತೆ ಓದಿದೆ: ಆರು ತಿಂಗಳ ಸಂಬಳ ಬರೆದಿದ್ದರು, ಆರು ತಿಂಗಳು ಕೆಲಸವಾಯಿತು, ಸಂಬಳ ನಿಂತಿತು, ಕೆಲಸವೂ ನಿಂತಿತು. ಇದನ್ನು ಡಾಕ್ಟರಮ್ಮನಿಗೆ ಹೇಳಿದಾಗ ಅವರು ತುಂಬ ಹೊತ್ತು ನನ್ನನ್ನೇ ನೋಡಿ, ‘ಅಷ್ಟು ಸರಳ ಅಲ್ಲ’ ಎಂದರು. ಇರಬಹುದು.

ನಮ್ಮ ಅಧ್ಯಯನವೂ ಅದರ ಐದು ವರ್ಷ ಮುಗಿಸಿತು. ಹೆಚ್ಚುವರಿ ಹಣವಿಲ್ಲದೆ ಒಂದು ವರ್ಷ ಗಡುವು ವಿಸ್ತರಿಸಿಕೊಂಡೆವು, ಅದೂ ಮುಗಿಯಿತು. ಕೊನೆಯ ವಾರ ಅಕ್ಕ ತಮ್ಮ ಕೊರಳ ಗುರುತಿನ ಚೀಟಿ, ವ್ಯಾನಿನ ಕೀಲಿ, ಉಳಿದಿದ್ದ ಹದಿನಾಲ್ಕು ಕಾರ್ಡು, ಅಧ್ಯಯನದ ಮೊಬೈಲ್ ಎಲ್ಲವನ್ನೂ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು ಪಟ್ಟಿಗೆ ಸಹಿ ಹಾಕಿದರು. ‘ಫೋನನ್ನು ಆರಿಸಬೇಡ,’ ಎಂದರು. ಸೋಮವಾರದಿಂದ ಅವರಿಗೆ ಔಷಧ ಅಂಗಡಿಯೊಂದರಲ್ಲಿ ಕೆಲಸ.

ಅನುದಾನದ ಅವಧಿ ಮುಗಿದ ಮೇಲೆ ಫೋನ್ ಬಿಲ್ ಅದರ ಲೆಕ್ಕಕ್ಕೆ ಹಾಕುವಂತಿಲ್ಲ. ಯಾವ ಖಾತೆಗೂ ಹಾಕುವಂತಿಲ್ಲ. ಫೋನನ್ನು ಮೇಜಿನ ಎರಡನೆಯ ಖಾನೆಯಲ್ಲಿ ಚಾರ್ಜರಿಗೆ ಸಿಕ್ಕಿಸಿಟ್ಟಿದ್ದೇನೆ. ತಿಂಗಳಿಗೆ 30 ಡಾಲರ್, ಎಲ್ಲಿಂದ ಬರುತ್ತದೆ ಎಂದು ಕೇಳಬೇಡಿ. ವಾರಕ್ಕೆ ಎರಡೋ ಮೂರೋ ಕರೆ ಬರುತ್ತವೆ. ಹೆಸರು ಕೇಳುವುದಿಲ್ಲ. ಕಳೆದ ಮಂಗಳವಾರ, ಜನವರಿಯ ಅರ್ಜಿಗೆ ಸಂಬಳದ ಸಾಲು ತುಂಬುತ್ತಿದ್ದಾಗ ಅದು ಗುರುಗುಟ್ಟಿತು. ಗಂಡಸಿನ ದನಿ, ಗುಳಿಗೆ ಗುರುವಾರಕ್ಕೆ ಮುಗಿಯುತ್ತದೆ, ವಿಮೆಯ ಕಾಗದ ಏನೋ ಬಂದಿದೆ, ಅರ್ಥವಾಗುತ್ತಿಲ್ಲ, ‘ಅವರು ಇದ್ದಾರೆಯೇ?’ ಎಂದಿತು. ಅವರು ಈಗ ಇಲ್ಲಿಲ್ಲ ಎಂದೆ. ಆ ಕಡೆ ಮೌನ. ಕಾಗದದ ಮೇಲಿನ ಮೊದಲ ಸಾಲನ್ನು ಓದಿ ಎಂದೆ. ಪೆನ್ನು ತೆಗೆದುಕೊಂಡು, ತೆರೆದಿದ್ದ ಬಜೆಟ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದೆ.